ದೊಡ್ಡ ತಟ್ಟೆಯ ಮಿಷನ್

ರೂವಿ ಪೇಟೆಯಿಂದ ಬಂದ ಟ್ಯಾಕ್ಸಿ ಅವರಿಬ್ಬರನ್ನು ಡಾಮರು ರಸ್ತೆಯ ಬದಿಯಲ್ಲೇ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಹತ್ತು ನಿಮಿಷದ ಕಾಲುದಾರಿ. ಎಡಗಡೆ ಖರ್ಜೂರದ ತೋಟದ ಮಣ್ಣಿನ ಗೋಡೆ. ಬಲಗಡೆ ಬಯಲು. ಬಯಲಿನ ಅಂಚಿನಲ್ಲಿ ಒಂದು ಹಳೆಯ ಬಾವಿ... ನೀರು ಬತ್ತಿ ಎಷ್ಟು ಕಾಲವಾಯಿತೋ ಯಾರಿಗೂ ಗೊತ್ತಿಲ್ಲ. ಅದನ್ನು ದಾಟಿದರೆ ಫಲಜ್, ಅಂದರೆ ತೋಟಕ್ಕೆ ನೀರು ಹರಿಯುವ ಸಣ್ಣ ಕಾಲುವೆ. ಕಾಲುವೆಯ ಆಚೆ ಮನೆ.

ತೊಂಬತ್ತೊಂದನೇ ಇಸವಿಯ ಜುಲೈ ಅದು. ಸೋಮವಾರ. ಅರಬ್ ನಾಡಿನ ಈ ಬೌಷರ್ ಊರು ಆಗ ಈಗಿನ ಹಾಗಲ್ಲ. ಆ ದಾರಿಯಲ್ಲಿ ಒಂದು ಲೈಟು ಕಂಬ ಸಹ ಇರಲಿಲ್ಲ.

ದೇಜಪ್ಪ ಮುಂದೆ ಟಾರ್ಚು ಹಿಡಿದುಕೊಂಡು ಹೋಗುತ್ತಿದ್ದ. ಕಾಪು ಕಡೆಯವ. ಖುರುಮಿನ ಒಂದು ಕಟ್ಟಡ ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್. ಹಿಂದೆ ಹೆಂಡತಿ ವಸಂತಿ. ಅವಳಿಗೆ ಆರು ತಿಂಗಳು ತುಂಬಿತ್ತು. ಇನ್ನು ಹದಿನೈದು ದಿನಕ್ಕೆ ಬಯಕೆ ಶಾಸ್ತ್ರಕ್ಕೆಂದು ಊರಿಗೆ ಹೋಗುವವಳು. ಟಿಕೆಟೂ ಆಗಿತ್ತು.

ಬಾವಿಯ ನೇರಕ್ಕೆ ಬಂದಾಗ ಹಿಂದಿನಿಂದ ಒಂದು ಶಬ್ದ. ಟಪ್. ಆಮೇಲೆ... ಚಿರ್ರ್... ಸಾಸಿವೆ ಚೆಲ್ಲಿದ ಹಾಗೆ.

"ಇವರೇ..." ವಸಂತಿ ಪಿಸುಗುಟ್ಟಿದಳು. "ಕರಿಮಣಿ ತುಂಡಾಯ್ತು."

"ಹೇಗೆ? ಸೆರಗಿಗೆ ಸಿಕ್ಕಿಕೊಂಡಿತಾ?"

"ಇಲ್ಲ. ಎಳೆದ ಹಾಗಾಯ್ತು."

ದೇಜಪ್ಪ ಅವಳ ಬೆನ್ನ ಹಿಂದೆ ಟಾರ್ಚು ಬಿಟ್ಟ. ಯಾರೂ ಇಲ್ಲ.

"ಹಿಂದಿನಿಂದ ಅಲ್ಲ," ಅಂದಳು. "ಕೆಳಗಿನಿಂದ."

ಬೊಗಸೆಯಷ್ಟು ಕರಿಮಣಿ ಸಿಕ್ಕಿತು. ತಾಳಿ ಸಿಗಲಿಲ್ಲ. ಮರುದಿನ ದೇಜಪ್ಪ ಬೆಳಕು ಹರಿಯುವ ಮೊದಲೇ ಜರಡಿ ತೆಗೆದುಕೊಂಡು ಹೋದ. ಅವಳು ನಿಂತಿದ್ದ ಜಾಗದ ಸುತ್ತ ನಾಲ್ಕು ಮಾರು ಮರಳನ್ನು ಮೂರು ಸಲ ಸೋಸಿದ. ತಾಳಿ ಇಲ್ಲ. ಆದರೆ ಜರಡಿಯಲ್ಲಿ ಬೇರೆಯದೊಂದು ಉಳಿಯಿತು... ಹಸಿರು ಕಿಲುಬು ಹಿಡಿದ ಒಂದು ನಾಣ್ಯ. ಅಕ್ಷರ ಅರೇಬಿಕ್‌ನದ್ದಲ್ಲ, ಇಂಗ್ಲಿಷಿನದ್ದೂ ಅಲ್ಲ. ಅದನ್ನು ಜೇಬಿಗೆ ಹಾಕಿಕೊಂಡ. ವಸಂತಿಗೆ ಹೇಳಲಿಲ್ಲ.

ಅವಳು ಆ ದಿನ ಊಟ ಮಾಡಲಿಲ್ಲ. "ಬಸುರಿ ಹೆಂಗಸು ಬರಿ ಕುತ್ತಿಗೆಯಲ್ಲಿ ಊರಿಗೆ ಹೋಗಿ ನಿಂತ್ರೆ ಅತ್ತೆ ಏನು ತಿಳಿದುಕೊಳ್ತಾರೆ? ಬೇರೆ ಮಾಡಿಸುವ ಅಂತ ಹೇಳಬೇಡಿ. ನನಗೆ ಅದೇ ಬೇಕು."

ಬುಧವಾರ ಆಫೀಸು ಬಿಟ್ಟವನೇ ದೇಜಪ್ಪ ರೂವಿಗೆ ಹೋದ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಉಳ್ಳಾಲದ ಶಾಹುಲ್ ಹಮೀದರ ಸೆಕೆಂಡ್ ಹ್ಯಾಂಡ್ ಅಂಗಡಿ. ಕೆಲಸ ಮುಗಿಸಿ ದೇಶಕ್ಕೆ ವಾಪಸು ಹೋಗುವ ಸಾಹೇಬರುಗಳು ಮಾರಿಹೋದ ಕ್ಯಾಮೆರಾ, ದುರ್ಬೀನು, ಸರ್ವೆಯ ಸಾಮಾನು. ಮಣ್ಣಿನೊಳಗಿನ ಲೋಹ ಹುಡುಕುವ ಮಿಷನ್ ಎರಡಿತ್ತು. ಎರಡಕ್ಕೂ ಉದ್ದ ಕೋಲು, ಕೋಲಿನ ತುದಿಗೆ ತಟ್ಟೆ, ಕಿವಿಗೆ ಹೆಡ್‌ಫೋನು.

ಹಮೀದರು ಒಂದು ಟ್ರೇಯಲ್ಲಿ ಮರಳು ತುಂಬಿಸಿದರು. ಅದರಲ್ಲಿ ಒಂದು ಮೊಳೆ, ತಮ್ಮ ಬೆಳ್ಳಿ ಉಂಗುರ, ದೇಜಪ್ಪನ ಚಿನ್ನದ ಉಂಗುರ ಹುಗಿದರು. ಸಣ್ಣ ತಟ್ಟೆಯ ಮಿಷನನ್ನು ಮೇಲಿಂದ ಆಡಿಸಿದರು. ಮೊಳೆಗೆ ಗುರ್ರ್ ಅಂದಿತು. ಚಿನ್ನಕ್ಕೆ ಬೀಂಯ್. ಬೆಳ್ಳಿಗೆ ಟೀಂ.

"ಇದಕ್ಕೆ ಜಾತಿ ಗೊತ್ತಾಗ್ತದೆ. ಕಬ್ಬಿಣ ಬೇಡ ಅಂತ ತಿರುಗಿಸಿಟ್ರೆ ಕಬ್ಬಿಣಕ್ಕೆ ಬಾಯೇ ಬಿಡೋದಿಲ್ಲ. ಆದ್ರೆ ಒಂದು ಗೇಣು ಮಾತ್ರ. ಅದಕ್ಕಿಂತ ಕೆಳಗೆ ಕಿವುಡು."

"ಆ ದೊಡ್ಡದು?"

ದೊಡ್ಡದರ ತಟ್ಟೆ ನೀರ್ದೋಸೆ ಹಂಚಿನಷ್ಟು ಅಗಲವಿತ್ತು.

"ಜೂಲಿಯನ್ ಅಂತ ಎಣ್ಣೆ ಕಂಪೆನಿಯ ಒಬ್ಬ ಬಿಟ್ಟು ಹೋದದ್ದು. ಆಳೆತ್ತರ ಕೆಳಗಿದ್ರೂ ಹೇಳ್ತದೆ. ಆದ್ರೆ ಏನು ಉಂಟು ಅಂತ ಹೇಳೋದಿಲ್ಲ. ಎಲ್ಲದಕ್ಕೂ ಒಂದೇ ಸ್ವರ... ಊಂ. ಹತ್ತಿರ ಬಂದಷ್ಟೂ ಜೋರು, ಅಷ್ಟೇ." ಹಮೀದರು ಸಣ್ಣದನ್ನೇ ಮುಂದೆ ನೂಕಿದರು. "ಮೊನ್ನೆ ಬಿದ್ದ ತಾಳಿ ಆಳಕ್ಕೆ ಎಲ್ಲಿ ಹೋಗ್ತದೆ? ಇದು ಸಾಕು ನಿಮಗೆ."

ದೇಜಪ್ಪನ ಕೈ ಜೇಬಿನಲ್ಲಿತ್ತು. ಬೆರಳಿಗೆ ನಾಣ್ಯ ತಾಗುತ್ತಿತ್ತು. ಮೇಲೆಯೇ ಇಂಥದ್ದು ಇದ್ದರೆ... ಕೆಳಗೆ?

"ಅಲ್ಲಿ ಗಾಳಿಗೆ ಮರಳು ಸರಿಯುತ್ತದೆ ಹಮೀದಾಕ. ದೊಡ್ಡದೇ ಇರಲಿ."

ಹಮೀದರು ಕನ್ನಡಕದ ಮೇಲಿಂದ ನೋಡಿದರು. "ಹುಡುಕೋದು ತಾಳಿ ಮಾತ್ರವಾ?"

"ಮತ್ತೇನು?"

"ಹಳೇ ಸಾಮಾನು ಏನಾದ್ರೂ ಎದ್ದರೆ ಮನೆಗೆ ಹೊತ್ತುಕೊಂಡು ಹೋಗಬೇಡಿ. ನಿಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲಿಗೆ ಗೊತ್ತಾದ್ರೆ ವೀಸಾ ಖಲಾಸ್. ಆಳದ ಮಿಷನ್, ನೀವು ಕಳಕೊಳ್ಳದ್ದನ್ನೂ ತೋರಿಸ್ತದೆ."

ಶುಕ್ರವಾರ ವಾಪಸು ಕೊಡುವ ಮಾತಿನ ಮೇಲೆ ದೇಜಪ್ಪ ದೊಡ್ಡದನ್ನೇ ತಂದ.

ಗುರುವಾರ. ಹಗಲು ಹೊರಗೆ ಕಾಲಿಡಲಾಗದ ಬಿಸಿಲು. ಅಲ್ಲದೆ ದೇಜಪ್ಪನಿಗೆ ಯಾರೂ ನೋಡುವುದು ಬೇಡವಾಗಿತ್ತು. ರಾತ್ರಿಯ ಇಶಾ ನಮಾಜು ಮುಗಿದು ಮಸೀದಿಯ ಮೈಕು ಕಿಟ್ ಅಂತ ಆರಿದ ಮೇಲೆ ಇಬ್ಬರೂ ಹೊರಟರು. ವಸಂತಿ ಜಾಗ ತೋರಿಸಿ, ನಿಲ್ಲಲಾಗದೆ ತೋಟದ ಗೋಡೆಗೆ ಒರಗಿದಳು. ಟಾರ್ಚು ಅವಳ ಕೈಯಲ್ಲಿ.

ದೇಜಪ್ಪ ಹೆಡ್‌ಫೋನು ಹಾಕಿಕೊಂಡ. ಒಳಗೆ ಶಂಖವನ್ನು ಕಿವಿಗಿಟ್ಟ ಹಾಗೆ ಸಣ್ಣ ಮೊರೆತ. ತಟ್ಟೆಯನ್ನು ಎಡಕ್ಕೆ, ಬಲಕ್ಕೆ ಆಡಿಸುತ್ತಾ ಹೋದ. ಅವಳು ತೋರಿಸಿದ ಜಾಗದಲ್ಲಿ ಏನೂ ಇಲ್ಲ. ಅಲ್ಲಿ ಐದು ನಿಮಿಷ ನಿಂತಿದ್ದರೆ ಹೆಚ್ಚು. ಕಾಲು ತಾನಾಗಿ ಬಾವಿಯ ಕಡೆ ಹೊರಟಿತು.

"ಅಲ್ಲಿ ಯಾಕೆ?" ವಸಂತಿ ಕೇಳಿದಳು. "ನಾನು ನಿಂತದ್ದು ಇಲ್ಲಿ."

ಅವನು ತಿರುಗದೆ ತಟ್ಟೆ ಆಡಿಸುತ್ತಲೇ ಹೋದ.

ಬಾವಿಯಿಂದ ಎರಡು ಮಾರು ದೂರದಲ್ಲಿ ಮಿಷನ್ ಅಂದಿತು. ಊಂ... ತೀರಾ ಸಣ್ಣಕೆ. ದೇಜಪ್ಪ ಕುಕ್ಕರಗಾಲಲ್ಲಿ ಕೂತು ತೋಡಿದ. ಮೊಣಕೈವರೆಗೆ ತೋಡಿದರೂ ಬರಿ ಮರಳು. ತಟ್ಟೆಯನ್ನು ಗುಂಡಿಯೊಳಗೇ ಇಳಿಸಿ ನೋಡಿದ. ಶಬ್ದವಿಲ್ಲ. ಹೊರಗೆ ತೆಗೆದ. ಊಂ... ಗುಂಡಿಯಿಂದ ಒಂದು ಹೆಜ್ಜೆ ಆಚೆ.

ಅಲ್ಲಿಯೂ ತೋಡಿದ. ಏನಿಲ್ಲ. ಊಂ... ಇನ್ನೊಂದು ಹೆಜ್ಜೆ ಆಚೆ.

ಮಿಷನ್ ಹಾಳಾಗಿದೆ ಅಂದುಕೊಂಡ. ತಟ್ಟೆಯನ್ನು ನೆಲಕ್ಕೆ ಒತ್ತಿ, ಉಸಿರು ಬಿಗಿಹಿಡಿದು ನಿಂತ. ಸ್ವರ ಬಂತು. ಸ್ವಲ್ಪ ಹೊತ್ತು ಇತ್ತು. ಮೆಲ್ಲಗೆ ಸಣ್ಣದಾಗಿ... ಹೋಯಿತು.

ತಟ್ಟೆ ಅಲುಗಿರಲಿಲ್ಲ. ಅಲುಗಿದ್ದು ಕೆಳಗಿನದ್ದು.

ಹಾವು ಅಂದುಕೊಳ್ಳಲು ಹಾವಿಗೆ ಲೋಹವಿಲ್ಲ. ಇಲಿ, ಹೆಗ್ಗಣ... ಅವಕ್ಕೂ ಇಲ್ಲ. ಅವನು ತಟ್ಟೆಯನ್ನು ಮುಂದೆ ಚಾಚಿದ. ಎಡಕ್ಕೆ, ಊಂ. ನಿಂತಿತು. ಬಲಕ್ಕೆ, ಒಂದು ಅಡಿ ಮುಂದೆ, ಊಂ. ನಿಂತಿತು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಅವಸರವಿಲ್ಲದ, ಒಂದೇ ಅಳತೆಯ ಅಂತರ.

ನಡಿಗೆ.

ಯಾರೋ ಮಣ್ಣಿನ ಕೆಳಗೆ ನಡೆಯುತ್ತಿದ್ದರು. ಕಾಲಿಗೆ ಏನೋ ತೊಟ್ಟುಕೊಂಡು.

ಅವನು ನಿಂತ. ಅದು ನಿಲ್ಲಲಿಲ್ಲ. ಅವನನ್ನು ದಾಟಿ ಮುಂದೆ ಹೋಯಿತು. ಎತ್ತ ಹೋಗುತ್ತಿದೆ ಅಂತ ತಲೆ ಎತ್ತಿದಾಗ ಎದುರಿಗೆ ಗೋಡೆ ಕಂಡಿತು. ಗೋಡೆಗೆ ಒರಗಿದ ವಸಂತಿ ಕಂಡಳು.

"ವಸಂತೀ." ನಾಲ್ಕೇ ಹೆಜ್ಜೆಗೆ ಅವಳ ಹತ್ತಿರ ಬಂದು ತಟ್ಟೆಯನ್ನು ಅವಳ ಪಾದದ ಪಕ್ಕಕ್ಕೆ ಚಾಚಿದ.

ಊಂ...

ಬಲಪಾದದ ಕೆಳಗೆ. ಎಡಪಾದದ ಕೆಳಗೆ. ಎರಡೂ ಕಡೆ, ಸರಿಯಾಗಿ.

ಅವಳ ಕಾಲುಂಗುರ ಇರಬೇಕು ಅಂತ ಒಂದು ಕ್ಷಣ ಜೀವ ಬಂತು. ಮರುಕ್ಷಣವೇ ನೆನಪಾಯಿತು... ಕಾಲು ಊದಿಕೊಂಡು ಅವಳು ಅದನ್ನು ತೆಗೆದಿಟ್ಟು ತಿಂಗಳಾಗಿತ್ತು. ಕಾಲಿನಲ್ಲಿ ಇದ್ದದ್ದು ರಬ್ಬರಿನ ಚಪ್ಪಲಿ ಮಾತ್ರ.

"ಏನಾಯ್ತು?" ವಸಂತಿ ಪಿಸುಗುಟ್ಟಿದಳು.

"ನಿನಗೆ ಏನಾದ್ರೂ... ಗೊತ್ತಾಗ್ತಾ ಉಂಟಾ?"

"ಅಂಗಾಲು ತಣ್ಣಗಾಗ್ತಿದೆ." ಅವಳು ಟಾರ್ಚನ್ನು ಕಾಲಿನ ಕಡೆ ತಿರುಗಿಸಿದಳು. "ನೀರಿನಲ್ಲಿ ನಿಂತ ಹಾಗೆ. ಇವರೇ, ಈ ಸೆಕೆಯಲ್ಲಿ ಮರಳು ತಣ್ಣಗಾಗುವುದು ಹೇಗೆ?"

ಊಂಂ...

ಜೋರಾಗುತ್ತಿತ್ತು. ತಟ್ಟೆ ಇದ್ದಲ್ಲೇ ಇತ್ತು. ವಸಂತಿ ಇದ್ದಲ್ಲೇ ಇದ್ದಳು. ಹತ್ತಿರ ಬಂದಷ್ಟೂ ಜೋರು... ಹಮೀದರ ಮಾತು. ಅದು ಮೇಲೆ ಬರುತ್ತಿತ್ತು.

"ಮಗು ಒದೆಯುವುದು ನಿಲ್ಲಿಸಿದೆ," ಅಂದಳು ವಸಂತಿ.

ಆಮೇಲೆ ದೇಜಪ್ಪ ಯೋಚನೆ ಮಾಡಲಿಲ್ಲ. ಅವಳ ಮೊಣಕಾಲಿನ ಹಿಂದೆ ಒಂದು ಕೈ, ಬೆನ್ನಿಗೆ ಒಂದು ಕೈ ಕೊಟ್ಟು ಎತ್ತಿದ. ಅವನೇನು ಗಟ್ಟಿ ಆಳಲ್ಲ. ಅವಳೋ ಎರಡು ಜೀವ. ಹಾಗಿದ್ದರೂ ಎತ್ತಿದ. ಎತ್ತಿದ ತಕ್ಷಣ ಚಪ್ಪಲಿ ಎರಡೂ ಕಳಚಿ ಬಿದ್ದವು... ಬಿದ್ದವು ಅಲ್ಲ, ಅಲ್ಲೇ ನಿಂತವು ಅಂತ ಅವನು ಹೇಳುತ್ತಾನೆ. ಟಾರ್ಚು ಜಾರಿ ಟಳ್ ಅಂತ ಒಡೆಯಿತು.

ಕತ್ತಲಲ್ಲಿ ಮನೆಯ ಕಡೆ ಓಡಿದ. ಹೆಡ್‌ಫೋನು ಕಿವಿಯಲ್ಲೇ ಇತ್ತು. ಅದರ ವಯರಿಗೆ ಜೋತುಬಿದ್ದ ಮಿಷನ್ ಹಿಂದಿನಿಂದ ಕಲ್ಲುಗಳ ಮೇಲೆ ಕರಕರ ಎಳೆದುಕೊಂಡು ಬರುತ್ತಿತ್ತು. ಕಿವಿಯೊಳಗೆ ಊಂ, ಊಂ, ಊಂ. ಈಗ ಅದು ನಡೆಯುತ್ತಿರಲಿಲ್ಲ. ಅವನ ಹೆಜ್ಜೆಗೆ ಹೆಜ್ಜೆ ಕೊಟ್ಟು ಓಡುತ್ತಿತ್ತು.

"ಕಾಲು ಕೆಳಗೆ ಬಿಡಬೇಡ!" ಅವನು ಏದುಸಿರಿನಲ್ಲಿ ಹೇಳಿದ. "ಏನೇ ಆದ್ರೂ ಬಿಡಬೇಡ."

ವಸಂತಿ ಅವನ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಫಲಜಿನ ನೀರಿನ ಸದ್ದು ಕೇಳಿತು. ಜುಳು... ಜುಳು. ಹಾರಿದ. ಮಿಷನ್ ಕಾಲುವೆಯ ಅಂಚಿಗೆ ಬಡಿದು, ನೀರು ದಾಟಿ ಈಚೆ ಬಿತ್ತು. ಕಿವಿಯಲ್ಲಿ ಶಬ್ದ ಕತ್ತರಿಸಿದ ಹಾಗೆ ನಿಂತಿತು. ಶಂಖದ ಮೊರೆತ ಮಾತ್ರ ಉಳಿಯಿತು.

ಮನೆ ಬಾಗಿಲು ಹಾಕಿದ ಮೇಲೆಯೇ ಅವಳನ್ನು ಮಂಚದ ಮೇಲೆ ಇಳಿಸಿದ. ಎಷ್ಟೋ ಹೊತ್ತಿನ ಮೇಲೆ ವಸಂತಿ ಅವನ ಕೈಯನ್ನು ತೆಗೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಒಂದು ಒದೆತ. ಆಗ ದೇಜಪ್ಪ ಅತ್ತ.

ಬೆಳಿಗ್ಗೆ ಅವನೊಬ್ಬನೇ ಹೋದ. ತೋಟದ ಕೆಲಸ ನೋಡಿಕೊಳ್ಳುವ ಮುದುಕ ಇಸ್ಮಾಯಿಲ್ ಗೋಡೆಯ ಹತ್ತಿರ ನಿಂತಿದ್ದ. ಅವನಿಗೆ ಉರ್ದು ಬರುತ್ತಿತ್ತು. ತೋಡಿದ ಗುಂಡಿಗಳನ್ನು ನೋಡಿದ. ಗೋಡೆಯ ಬುಡದ ಚಪ್ಪಲಿಗಳನ್ನು ನೋಡಿದ. ಆಮೇಲೆ ದೇಜಪ್ಪನನ್ನು ನೋಡಿದ.

"ನಡೆಸಿಕೊಂಡು ಹೋದೆಯೋ, ಎತ್ತಿಕೊಂಡು ಹೋದೆಯೋ?"

"ಎತ್ತಿಕೊಂಡು."

"ಹಾಂ," ಅಂದ ಮುದುಕ. "ಒಳ್ಳೇದಾಯ್ತು." ಗುಂಡಿಗಳಿಗೆ ಕಾಲಿನಿಂದಲೇ ಮರಳು ತಳ್ಳಲು ಶುರು ಮಾಡಿದ. ಎಷ್ಟು ಕೇಳಿದರೂ ಮತ್ತೆ ಬಾಯಿ ಬಿಡಲಿಲ್ಲ. ದೇಜಪ್ಪ ಜೇಬಿನ ನಾಣ್ಯ ತೆಗೆದು ಬಾವಿಗೆ ಹಾಕಿದಾಗ ಮಾತ್ರ ಸರಿ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ನಾಣ್ಯ ತಳಕ್ಕೆ ಬಿದ್ದ ಶಬ್ದಕ್ಕಾಗಿ ಇಬ್ಬರೂ ಕಾದರು. ಬರಲಿಲ್ಲ.

ದೇಜಪ್ಪ ಹಾಗೆಯೇ ರೂವಿಗೆ ಹೋಗಿ ದೊಡ್ಡದನ್ನು ಕೊಟ್ಟ. ಹಮೀದರು ಅವನ ಮುಖ ನೋಡಿ ಸಣ್ಣದನ್ನು ಕೈಗಿತ್ತರು. ಬಿಸಿಲಿರುವಾಗಲೇ, ಇಸ್ಮಾಯಿಲ್ ಪಕ್ಕದಲ್ಲಿ ನಿಂತಿದ್ದಾಗಲೇ, ವಸಂತಿ ಮೊದಲು ತೋರಿಸಿದ ಜಾಗದಲ್ಲಿ ಆಡಿಸಿದ. ಹತ್ತು ನಿಮಿಷ. ಬೀಂಯ್. ಎರಡು ಬೆರಳು ಆಳದಲ್ಲಿ ತಾಳಿ ಇತ್ತು. ಆ ಮರಳನ್ನು ಅವನು ಜರಡಿಯಲ್ಲಿ ಮೂರು ಸಲ ಸೋಸಿದ್ದ.

ವಸಂತಿ ಊರಿಗೆ ಹೋದಳು. ಬಯಕೆ ಚೆನ್ನಾಗಿಯೇ ಆಯಿತು. ಹೆಣ್ಣು ಮಗು, ಒಂದು ಕೊರತೆಯೂ ಇಲ್ಲ.

ಕರಿಮಣಿ ಪೋಣಿಸಲು ತಾಳಿಯನ್ನು ಕಾಪುವಿನ ಆಚಾರಿಯ ಹತ್ತಿರ ತೆಗೆದುಕೊಂಡು ಹೋಗಿದ್ದಳು. ಮೂರು ವರ್ಷದ ಹಿಂದೆ ಮದುವೆಗೆ ಅದನ್ನು ಮಾಡಿಕೊಟ್ಟವರೇ ಅವರು. ತಾಳಿಯನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಸವರಿದರು.

"ಇದು ಯಾರದ್ದು ಮಗಾ, ಅಜ್ಜಿದಾ?"

"ನನ್ನದೇ. ನೀವೇ ಮಾಡಿದ್ದಲ್ವಾ?"

ಆಚಾರಿ ಮಸೂರ ಹಾಕಿಕೊಂಡು ಹಿಂಬದಿ ನೋಡಿದರು. "ಹೌದು... ನನ್ನದೇ ಗುರುತು. ಆದ್ರೆ ಚಿನ್ನ ಹೀಗೆ ಸವೆಯಬೇಕಾದ್ರೆ ಅರವತ್ತು ವರ್ಷ ಯಾರಾದ್ರೂ ಎದೆ ಮೇಲೆ ಹಾಕ್ಕೊಂಡಿರಬೇಕು."

ಮರಳಿನಲ್ಲಿ ಅದು ಇದ್ದದ್ದು ನಾಲ್ಕು ದಿನ. ಸೋಮವಾರದಿಂದ ಶುಕ್ರವಾರ.

ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಆದರೆ ಇದು ಕಟ್ಟಿ ಹೇಳಿದ್ದಲ್ಲ, ಆದದ್ದು. ವಸಂತಿ ಈಗಲೂ ಅದನ್ನೇ ಹಾಕಿಕೊಂಡಿದ್ದಾಳೆ. ಕೇಳಿದರೆ ತೋರಿಸುತ್ತಾಳೆ. ಅಂಚು ಕಾಗದದಷ್ಟು ತೆಳ್ಳಗೆ.