ತೊಡೆಯ ಮೇಲೆ ತಟ್ಟಿದ ಬೆರಳು

ಒಂದೂರಲ್ಲಿ ಒಬ್ಬ ಪೈಲ್ವಾನ ಇದ್ದ. ಮಣ್ಣಿನ ಕುಸ್ತಿಯವನಲ್ಲ. ಈಗ ಟಿವಿಯಲ್ಲಿ ಬರುತ್ತದಲ್ಲ, ಜಾಲರಿಯ ಬೇಲಿಯೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರಲ್ಲ, ಗುದ್ದು, ಒದೆ, ಪಟ್ಟು ಎಲ್ಲವೂ ನಡೆಯುತ್ತದಲ್ಲ, ಆ ಆಟದವನು. ಸ್ವಾಮಿಗಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹಿಂದಿನ ಸಾಲಿನಲ್ಲಿ ನಗುತ್ತಿದ್ದೀರಿ. ನಗಿ, ನಗಿ. ಕಥೆ ಮುಗಿಯಲಿ, ಆಮೇಲೆ ನೋಡೋಣ.

ಆ ಆಟದಲ್ಲಿ ಒಂದು ಪದ್ಧತಿ ಇದೆ. ನಮ್ಮ ಗರಡಿಯಲ್ಲಿ ತೊಡೆ ತಟ್ಟಿದರೆ ಸವಾಲು. ಅಲ್ಲಿ, ಪಟ್ಟಿಗೆ ಸಿಕ್ಕಿದವನು ಇನ್ನು ತನ್ನ ಕೈಲಾಗದು ಅನ್ನಿಸಿದಾಗ ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟುತ್ತಾನೆ. ತಟ್ಟಿದರೆ 'ಸೋತೆ, ಬಿಡು' ಎಂದು ಅರ್ಥ. ರೆಫ್ರಿ ನೋಡಿ ಆಟ ನಿಲ್ಲಿಸುತ್ತಾನೆ. ರೆಫ್ರಿ ನೋಡದಿದ್ದರೆ? ಅಲ್ಲೇ ಇರುವುದು ಫಜೀತಿ.

ನಮ್ಮ ಪೈಲ್ವಾನನಿಗೆ ಆ ಫಜೀತಿ ಒಮ್ಮೆ ಆಗಿತ್ತು. ಹಿಂದಿನ ವರ್ಷ, ಗೆದ್ದವನ ಸೊಂಟಕ್ಕೆ ಬೆಲ್ಟು ಕಟ್ಟುವ ಪಂದ್ಯದಲ್ಲಿ ಎದುರಾಳಿ ತಟ್ಟಿದ. ಇವನು ಪಾಪ ಅಂತ ಬಿಟ್ಟ. ರೆಫ್ರಿ ನೋಡಿರಲಿಲ್ಲ. ಉಸಿರು ಬಂದ ಕೂಡಲೇ ಆ ಮಹಾನುಭಾವ ಎದ್ದು ನಿಂತು, "ನಾ ಎಲ್ಲಿ ತಟ್ಟೇನಿ?" ಎಂದುಬಿಟ್ಟ. ಮುಂದಿನ ಗುದ್ದಿಗೆ ಇವನು ಅಂಗಾತ. ಬೆಲ್ಟು ಅವನ ಸೊಂಟಕ್ಕೆ ಹೋಯಿತು. ಅವತ್ತು ಇವನಿಗೆ ಪಟ್ಟು ಕಲಿಸಿದ ಗುರು, ವಸ್ತಾದ, ಇವನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದ: "ಇನ್ನ ಮ್ಯಾಲೆ ರೆಫ್ರಿ ಬಂದು ಕೈ ಹಿಡದು ಬಿಡಸೂತನಕಾ ಬಿಡಬ್ಯಾಡ ಮಗಾ."

ಈ ವರ್ಷ ಮತ್ತೆ ಅವರಿಬ್ಬರಿಗೇ ಪಂದ್ಯ ಬಿತ್ತು. ಹಿಂದಿನ ದಿನ ತೂಕ ನೋಡಿ ಇಬ್ಬರನ್ನೂ ಮುಖಕ್ಕೆ ಮುಖ ಕೊಟ್ಟು ನಿಲ್ಲಿಸುತ್ತಾರೆ. ಎದುರಾಳಿ ನಕ್ಕು ಕೇಳಿದ: "ಈ ಸಲಾನೂ ಪಾಪ ಅಂತ ಬಿಡ್ತೀಯೇನಪಾ?" ಇವನ ಮೈ ಉರಿದುಹೋಯಿತು.

ಪಂದ್ಯದ ಸಂಜೆ ಏನು ಗದ್ದಲ ಅಂತೀರಿ! ಕಣ್ಣು ಕುಕ್ಕುವ ದೀಪ, ಕಿವಿ ಹರಿಯುವ ಡೋಲು, ಕಾಲಿಡಲು ಜಾಗವಿಲ್ಲ. ಮೊದಲ ಸುತ್ತು ಎದುರಾಳಿಯದು. ಎರಡನೆಯದೂ ಅವನದೇ. ನಮ್ಮವನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಕೊನೆಯ ಸುತ್ತು. ಎದುರಾಳಿ ಕಾಲೆತ್ತಿ ಒದ್ದ, ಇವನು ಆ ಕಾಲನ್ನೇ ಹಿಡಿದ, ಎತ್ತಿದ, ಕೆಡವಿದ. ಬೆನ್ನಿಗೆ ಅಂಟಿಕೊಂಡ. ತೋಳು ಕುತ್ತಿಗೆಯ ಸುತ್ತ ಬಿತ್ತು. ಜನ ಕುರ್ಚಿ ಬಿಟ್ಟು ಎದ್ದರು. "ಬಿಡಬ್ಯಾಡಾ, ಬಿಡಬ್ಯಾಡಾ!" ವಸ್ತಾದನ ಗಂಟಲು ಹರಿಯುತ್ತಿತ್ತು.

ಆಗ ಇವನ ತೊಡೆಗೆ ಏನೋ ತಾಗಿತು. ಬೆರಳು. ಎದುರಾಳಿಯ ಒಂದು ಕೈ ಅವನದೇ ಮೈ ಕೆಳಗೆ ಬಿದ್ದಿತ್ತು, ಇನ್ನೊಂದು ಇಬ್ಬರ ಮೈ ನಡುವೆ ಸಿಕ್ಕಿಕೊಂಡಿತ್ತು, ಆ ಕೈಯ ಬೆರಳು ತಟ್ಟುತ್ತಿತ್ತು. ರೆಫ್ರಿ ಆಚೆ ಬದಿಯಲ್ಲಿ. ಅವನಿಗೆ ಕಾಣದು. ಬಾಯಿಬಿಟ್ಟು ಹೇಳೋಣವೆಂದರೆ ಗಂಟಲೇ ಇವನ ತೋಳಿನಲ್ಲಿದೆ. ಈಗ ತಟ್ಟುತ್ತೀಯಾ ಮಗನೇ, ಅವತ್ತು ಎಲ್ಲಿ ತಟ್ಟಿದೆ ಅಂದೆಯಲ್ಲ? ಇವನು ಇನ್ನಷ್ಟು ಬಿಗಿದ. ಹಿತವಾಗಿತ್ತು, ತಾಯಂದಿರೇ. ಸುಳ್ಳು ಯಾಕೆ ಹೇಳಲಿ, ಅವನಿಗೆ ಬಹಳ ಹಿತವಾಗಿತ್ತು.

ಬೆರಳು ಮತ್ತೆ ತಟ್ಟಿತು. ಈ ಸಲ ಮೆಲ್ಲಗೆ, ಚಿಕ್ಕ ಮಗು ಬಾಗಿಲು ತಟ್ಟಿದ ಹಾಗೆ. ಬಿಟ್ಟರೆ ಬೆಲ್ಟು ಮತ್ತೆ ಹೋದೀತು, ಇವನಿಗೆ ಗೊತ್ತು. ಬಿಡದಿದ್ದರೆ ಯಾರೂ ಕೇಳುವವರಿಲ್ಲ, ಅದೂ ಗೊತ್ತು. ಇವನು ಬಿಟ್ಟ.

"ಹುಚ್ಚಾ, ಏನ್ ಮಾಡಿದ್ಯೋ!" ವಸ್ತಾದ ತಲೆ ಚಚ್ಚಿಕೊಂಡ. ಏನೂ ಕಾಣದ ರೆಫ್ರಿ ಆಟ ಮುಂದುವರಿಸಲು ಕೈ ಬೀಸಿದ. ಇಬ್ಬರೂ ಎದ್ದರು. ಎದುರಾಳಿ ಕೆಮ್ಮಿದ, ಮುಷ್ಟಿ ಎತ್ತಿದ. ಇವನ ಒಡೆದ ಹುಬ್ಬನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಮಂಡಿಯೂರಿ ಕೂತು, ಇಡೀ ಸಭಾಂಗಣಕ್ಕೆ ಕೇಳುವಂತೆ ಅಂಗೈಯಿಂದ ನೆಲ ತಟ್ಟಿದ. ಬೆಲ್ಟು ಇವನ ಸೊಂಟಕ್ಕೆ ಬರುವಾಗ ಹತ್ತಿರ ಬಂದು ಅವನಂದದ್ದು ಇಷ್ಟೇ: "ಅವತ್ತೂ ತಟ್ಟಿದ್ದೆ ಅಣ್ಣಾ."

ಈಗ ನಿಮ್ಮ ಕಡೆ ಬರೋಣ. ನಿಮ್ಮ ಮನೆಯಲ್ಲಿ ರೆಫ್ರಿ ಇದ್ದಾನೆಯೇ? ಇಲ್ಲ. ಜಗಳದ ಮಾರನೆಯ ಬೆಳಗ್ಗೆ ಹೆಂಡತಿ ಸದ್ದಿಲ್ಲದೆ ನಿಮ್ಮ ಮುಂದೆ ಕಾಫಿ ಲೋಟ ಇಡುತ್ತಾಳಲ್ಲ, ಅದು ತಟ್ಟಿದ್ದು. ಬೈಸಿಕೊಂಡ ಮಗ "ಅಪ್ಪಾ, ಗಾಡಿ ಒರೆಸಲಾ?" ಎಂದು ಕೇಳುತ್ತಾನಲ್ಲ, ಅದೂ ತಟ್ಟಿದ್ದೇ. ಮಾತು ಬಿಟ್ಟ ತಮ್ಮ ಹಬ್ಬಕ್ಕೆ ಹೋಳಿಗೆ ಕಳಿಸಿದ, ನೀವು ಡಬ್ಬಿ ಮುಚ್ಚಳ ಸಹ ತೆಗೆಯದೆ ವಾಪಸ್ ಕಳಿಸಿದಿರಿ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಲಿ ಅಂತೀರಿ. ಹೇಗೆ ಹೇಳಬೇಕು? ಗಂಟಲು ನಿಮ್ಮ ತೋಳಿನಲ್ಲಿದೆ.

"ಹಿಂದೆ ಒಮ್ಮೆ ಬಿಟ್ಟು ಮೋಸ ಹೋದೆ ಸ್ವಾಮೀ" ಅಂತೀರಿ. ಹೋಗಿರಬಹುದು. ಈ ಸಲವೂ ಹೋಗಬಹುದು, ನಾನೇನೂ ಗ್ಯಾರಂಟಿ ಕೊಡುವುದಿಲ್ಲ. ಆದರೂ ಬಿಡಿ. ತಮ್ಮನ ಮನೆಗೆ ಇವತ್ತೇ ಹೋಗಿ, ಹೋಳಿಗೆ ಉಳಿದಿದ್ದರೆ ಕೇಳಿ ತಿನ್ನಿ. ನಾಳೆ ಬೆಳಗ್ಗೆ ಮುಂದೆ ಕಾಫಿ ಲೋಟ ಬಂದರೆ, ತಲೆಯೆತ್ತಿ ಅವಳ ಮುಖ ನೋಡಿ ಕುಡಿಯಿರಿ. ಸಕ್ಕರೆ ಕಡಿಮೆಯಾಗಿದೆ ಅನ್ನಬೇಡಿ.