ಕೊಕ್ಕೆಹುಳ

ಬೀರೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಶಿವನಿ ಕಡೆಯ ರೈಲಿಗೆ ಕಾಯುತ್ತಿದ್ದ ವಿಶಾಲಾಕ್ಷಮ್ಮನವರಿಗೆ, ಬೆನ್ನ ಹಿಂದೆ ಕೂತಿದ್ದ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಇಬ್ಬರೂ ಆಸ್ಪತ್ರೆಯಿಂದ ಬಂದವರು.

“ಬಸುರಲ್ಲ, ಹೊಟ್ಟೇಲಿ ಕೊಕ್ಕೆಹುಳ ಅಂದ್ಬಿಟ್ರಲ್ಲೇ ಡಾಕ್ಟ್ರು! ಇಡೀ ಕೇರಿಗೆ ಹೇಳ್ಕೊಂಡು ಬಂದಿದೀನಿ ನಾನು.”

“ಬಸುರಿ ಅಂತ ನಾನು ಹೇಳಿದ್ನಾ ಅತ್ತೆಮ್ಮಾ?”

“ಗೋಡೆ ಮಣ್ಣು ಕೆರ್ಕೊಂಡು ತಿಂತಿದ್ದೆ. ಬಯಕೆ ಅಂದ್ಕೊಂಡೆ ಕಣೇ.”

“ಕೊಡ ಹೊತ್ರೆ ಏದುಸಿರು ಬರೋದು, ಕಣ್ಣು ಕತ್ಲೆ ಬರೋದು. ಹೇಳಕ್ಕೆ ನಾಚ್ಕೆ ಆಗೋದು. ಇವತ್ತು ಕಕ್ಕಸು ಪರೀಕ್ಷೆಗೆ ಅಂತ ಬೆಂಕಿಪೊಟ್ಣದಲ್ಲಿ ಅದನ್ನ ತಗೊಂಡೋಗಿ ಲ್ಯಾಬಿನ ಆ ಗಂಡಸಿನ ಕೈಗೆ ಕೊಟ್ಟಾಗಂತೂ ಸತ್ತೇಹೋಗ್ಬೇಕು ಅನ್ನಿಸ್ತು.”

ತಿರುಗಿ ನೋಡಿದರೆ ಅವರಿಗೆ ಇನ್ನಷ್ಟು ಅವಮಾನವಾದೀತೆಂದು ವಿಶಾಲಾಕ್ಷಮ್ಮ ಹಳಿಯನ್ನೇ ನೋಡುತ್ತಾ ಕೂತರು.

“ಮದ್ವೆಯಾದ ಹೊಸದ್ರಲ್ಲಿ ನಾನೂ ಮಣ್ಣು ತಿಂತಿದ್ದೆ ಕಣೇ. ಅದಕ್ಕೇ ನಮ್ಮತ್ತೆ ತುಟಿ ಮೇಲೆ ಬರೆ ಹಾಕಿದ್ರು.”

“ಒಲೆ ಕಿಡಿ ಸಿಡಿದ ಕಲೆ ಅಂತಿದ್ರಿ?”

“ಹಂಗಂತ ಹೇಳ್ಕೊಂಡೇ ಬಂದೆ. ಆಸ್ಪತ್ರೆಗೆ ಯಾರು ಕರ್ಕೊಂಡೋಗ್ತಿದ್ರು ಆಗ?”

ರೈಲು ಬಂತು.

“ಏಳು. ಮನೇಲಿ ಎಲ್ರೂ ಮಾತ್ರೆ ನುಂಗ್ಬೇಕಂತೆ, ಮೊದ್ಲು ನಾನು ನುಂಗ್ತೀನಿ. ಕೇರಿಯೋರು ಕೇಳಿದ್ರೆ ಹುಳ ಅಂತ್ಲೇ ಹೇಳು.”

ಅತ್ತೆ ಸೊಸೆಯ ತೋಳು ಹಿಡಿದು ಹೆಂಗಸರ ಡಬ್ಬಿ ಹತ್ತಿಸಿದಳು. ತಾವು ಕೇಳಿಸಿಕೊಂಡದ್ದು ಅವರಿಗೆ ಗೊತ್ತಾಗಬಾರದೆಂದು ವಿಶಾಲಾಕ್ಷಮ್ಮ ಸೆರಗು ಹೊದ್ದುಕೊಂಡು, ಗಂಡಸರೇ ತುಂಬಿದ್ದ ಹಿಂದಿನ ಡಬ್ಬಿಗೆ ನಡೆದರು.