ಅಧ್ಯಕ್ಷರ ಪಕ್ಕದ ಫೋಟೋ

ಎಕ್ಸ್‌ರೇ ಕೋಣೆಯ ಹೊರಗೆ ಚೀಟಿ ಹಿಡಿದು ಕುಳಿತಿದ್ದ ಹುಡುಗಿ ಪಕ್ಕದ ಅಕ್ಕತಂಗಿಯರ ಕಡೆ ತಲೆಯೆತ್ತಲಿಲ್ಲ. ಕಿವಿ ಮಾತ್ರ ಅಲ್ಲೇ ಇತ್ತು. ತಂಗಿಯ ತೊಡೆಯ ಮೇಲೆ ಟೆನಿಸ್ ಸಂಘದ ಸ್ಮರಣಸಂಚಿಕೆ ತೆರೆದಿತ್ತು.

“ಅಕ್ಕಾ, ಇದರಲ್ಲಿ ನಾನು ಯಾವ ಕೈಲಿ ಆಡ್ತಿದೀನಿ, ನೋಡು.”

“ಅಯ್ಯೋ, ಬಲಗೈಲಿ! ನೀನು ಯಾವತ್ತೇ ಬಲಗೈಲಿ ಆಡಿದ್ದು?”

“ಫೋಟೋನ ಕನ್ನಡಿಲಿ ಕಾಣೋ ಹಾಗೆ ತಿರುಗಿಸಿ ಅಚ್ಚು ಹಾಕಿದಾರೆ. ಇಲ್ದಿದ್ರೆ ಪಕ್ಕದ ಫೋಟೋದಲ್ಲಿರೋ ಅಧ್ಯಕ್ಷರಿಗೆ ನಾನು ಬೆನ್ನು ಹಾಕಿದ ಹಾಗೆ ಕಾಣ್ತಿತ್ತಂತೆ.”

“ಕಾಣ್ಲಿ ಬಿಡು! ಅವರೇನು ನಿನ್ನ ಜೊತೆ ಡಬಲ್ಸ್ ಆಡಿದ್ರಾ?”

“ಹತ್ತೊಂಬತ್ತು ವರ್ಷ ಈ ಎಡಗೈ ಸರ್ವಿಸ್‌ಗೆ ಎಂತೆಂಥೋರು ಹೆದರಿದಾರೆ ಕಣೇ. ಭುಜ ಸವೆದಿದ್ದೂ ಅದರಿಂದಲೇ. ಸಂಘಕ್ಕೆ ಫೋನ್ ಮಾಡಿ ಕೇಳಿದ್ರೆ, ‘ಯಾವ ಕೈ ಆದ್ರೇನು ಮೇಡಂ, ಗೆದ್ದಿದ್ದೀರಲ್ಲ’ ಅಂತಾರೆ.”

“ನಾಳೆ ಅವರು ನಿನಗೆ ಮಾಡೋ ಸನ್ಮಾನಕ್ಕೆ ಹೋಗ್ಲೇಬೇಡ.”

“ಹೋಗ್ತೀನಿ. ಬರಿಗೈಲಿ ಮಾತ್ರ ಹೋಗಲ್ಲ.”

ಬಾಗಿಲು ತೆರೆದು ಎಕ್ಸ್‌ರೇ ತೆಗೆಯುವವನು ಕೇಳಿದ: “ಯಾವ ಭುಜ, ಅಮ್ಮಾ?”

“ಎಡ.” ತಂಗಿ ಎದ್ದು ಒಳಗೆ ನಡೆಯುತ್ತಲೇ ಹೇಳಿದಳು: “ಎರಡು ಪ್ರತಿ ಕೊಡಪ್ಪ. ಎರಡರ ಮೇಲೂ ‘ಎಡ’ ಅಂತ ದೊಡ್ಡದಾಗಿ ಬರಿ. ಒಂದು ಡಾಕ್ಟರಿಗೆ, ಇನ್ನೊಂದು ನಮ್ಮ ಅಧ್ಯಕ್ಷರಿಗೆ.”

ಅಕ್ಕ ಸಂಚಿಕೆಯನ್ನು ಚೀಲಕ್ಕೆ ತುರುಕಿಕೊಂಡು ಹಿಂದೆಯೇ ಹೋದಳು.